ಶಿಫ್ಟ್ ಕೀ ನನ್ನ ಪಾಲು

2026ರ ಜನವರಿಯಲ್ಲಿ ಒಂದು ರಾತ್ರಿ, ಮಲಗುವ ಮುಂಚೆ ಸುಮ್ನೆ ಫೋನ್ ನೋಡುತ್ತಿದ್ದೆ. 2003ರ ವಿಡಿಯೋ ಗೇಮ್ ‘ಪ್ರಿನ್ಸ್ ಆಫ್ ಪರ್ಷಿಯಾ: ದಿ ಸ್ಯಾಂಡ್ಸ್ ಆಫ್ ಟೈಮ್’ನ ರೀಮೇಕನ್ನು, ಅಂದರೆ ಹೊಸದಾಗಿ ಮಾಡುತ್ತಿದ್ದ ಆವೃತ್ತಿಯನ್ನು, ಯೂಬಿಸಾಫ್ಟ್ ಕಂಪನಿ ಕೈಬಿಟ್ಟಿದೆ ಅನ್ನುವ ಸುದ್ದಿ ಕಣ್ಣಿಗೆ ಬಿತ್ತು. 2020ರ ಸೆಪ್ಟೆಂಬರ್‌ನಲ್ಲಿ ಘೋಷಣೆ ಆದಾಗಿನಿಂದ ಕಾದಿದ್ದ ಆಟ. ತಾರೀಖು ಮುಂದಕ್ಕೆ ಹೋದಾಗೆಲ್ಲ ಗೊಣಗಿದ್ದೆ. ಈಗ ಇಲ್ಲವೇ ಇಲ್ಲ ಅಂದಾಗ ಬೇಜಾರಾಗಬೇಕಿತ್ತು. ಆಗಲಿಲ್ಲ. ನಿಜ ಹೇಳಬೇಕೆಂದರೆ ಒಂಥರಾ ನಿರಾಳ ಆಯಿತು. ಫೋನ್ ಪಕ್ಕಕ್ಕಿಟ್ಟು ಕಣ್ಣು ಮುಚ್ಚಿದೆ, ನಿದ್ದೆ ಬರಲಿಲ್ಲ. ಆಟ ಹೋಯಿತು ಅನ್ನುವುದಕ್ಕಿಂತ ಆ ನಿರಾಳವೇ ಕಾಡತೊಡಗಿತು. ಬಾಲ್ಯದಿಂದ ಜೊತೆಗಿದ್ದ ಗೆಳೆಯ ಬರ್ತೀನಿ ಅಂದವನು ಬರಲ್ಲ ಅಂದರೆ, ಸದ್ಯ ಬರಲಿಲ್ವಲ್ಲ ಅಂತ ಯಾರಿಗಾದರೂ ಅನ್ನಿಸುತ್ತದಾ?

ಆವತ್ತಿನಿಂದ ಇದನ್ನೇ ಯೋಚಿಸುತ್ತಿದ್ದೇನೆ. ಯೋಚಿಸುತ್ತಾ ಹೋದಂತೆ ನೆನಪಿಗೆ ಬಂದದ್ದು ರೀಮೇಕ್ ಅಲ್ಲ, 2003ರ ಆಟವೂ ಅಲ್ಲ. ಒಂದು ಕೀಬೋರ್ಡ್. ಅದರಲ್ಲೂ ಅದರ ಒಂದೇ ಒಂದು ಕೀ.

ಅರ್ಧ ಕುರ್ಚಿ

ದೊಡ್ಡಪ್ಪನ ಆಫೀಸಿನಲ್ಲಿ ಒಂದು ಕಂಪ್ಯೂಟರ್ ಇತ್ತು. ಭಾನುವಾರ ಮಾತ್ರ ನಮ್ಮ ಕೈಗೆ ಸಿಗುತ್ತಿತ್ತು. ನಮ್ಮ ಅಂದರೆ ನಾನು ಮತ್ತು ದೊಡ್ಡಪ್ಪನ ಮಗ. ಅಣ್ಣ ನನಗಿಂತ ಮೂರು ವರ್ಷ ದೊಡ್ಡವನು, ಹಾಗಾಗಿ ಎಲ್ಲದಕ್ಕೂ ಅವನೇ ಯಜಮಾನ. ಇದ್ದದ್ದು ಒಂದೇ ಕುರ್ಚಿ. ಅರ್ಧ ಅವನು, ಅರ್ಧ ನಾನು. ನನ್ನ ಅರ್ಧ ಯಾವಾಗಲೂ ಕಾಲು ಭಾಗವೇ. ಕಪ್ಪು ಪರದೆಯ ಮೇಲೆ ಡಾಸ್‌ನ (ಆಗಿನ ಕಂಪ್ಯೂಟರ್ ವ್ಯವಸ್ಥೆ) ಬಿಳಿ ಗೆರೆ ಮಿನುಗುತ್ತಿದ್ದಾಗ, ಪ್ರಿನ್ಸ್ ಆಫ್ ಪರ್ಷಿಯಾ ಸರಣಿಯ ಮೊದಲ ಆಟ ಶುರು ಮಾಡಲು ಅಣ್ಣ ಎರಡೇ ಬೆರಳಲ್ಲಿ ಟೈಪ್ ಮಾಡುತ್ತಿದ್ದ: ಪ್ರಿನ್ಸ್, ಒಂದು ಖಾಲಿ ಜಾಗ, ಮೆಗಾಹಿಟ್. ಆ ಎರಡನೇ ಪದದ ಅರ್ಥ ನನಗೆ ಎಷ್ಟೋ ವರ್ಷ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಇಷ್ಟೇ: ಅದನ್ನು ಟೈಪ್ ಮಾಡಿದರೆ ಶಿಫ್ಟ್ ಮತ್ತು ಎಲ್ ಒತ್ತಿ ಮುಂದಿನ ಹಂತಕ್ಕೆ ಹಾರಬಹುದು. ಮರೆತರೆ ಆ ಭಾನುವಾರವೆಲ್ಲ ಕತ್ತಲ ಕೋಣೆಯಲ್ಲೇ.

ಕೀಗಳನ್ನೂ ಪಾಲು ಮಾಡಿಕೊಂಡಿದ್ದೆವು. ಬಾಣದ ಕೀಗಳು ಅಣ್ಣನವು. ಶಿಫ್ಟ್ ನನ್ನದು. ಮೊದಮೊದಲು ನನಗೆ ಮೋಸ ಆಗಿದೆ ಅನ್ನಿಸಿತ್ತು. ನಾಲ್ಕು ಕೀ ಅವನಿಗೆ, ಒಂದು ನನಗೆ! ಆಮೇಲೆ ಅರ್ಥವಾಯಿತು. ಬಾಣದ ಕೀಗಳು ರಾಜಕುಮಾರನ ಕಾಲು. ಶಿಫ್ಟ್ ಅವನ ಕೈ. ಅಂಚು ಹಿಡಿದು ನೇತಾಡಬೇಕಾದರೆ ಶಿಫ್ಟ್. ನೆಲದ ಮೇಲಿನ ಕತ್ತಿ ಎತ್ತಿಕೊಳ್ಳಬೇಕಾದರೆ ಶಿಫ್ಟ್. ಔಷಧಿಯ ಬುಡ್ಡಿ ಕುಡಿಯಲು ಶಿಫ್ಟ್. ಕಾವಲುಗಾರನಿಗೆ ಇರಿಯಲೂ ಶಿಫ್ಟ್. ಎಲ್ಲಕ್ಕಿಂತ ಮುಖ್ಯವಾಗಿ, ಶಿಫ್ಟ್ ಒತ್ತಿಕೊಂಡೇ ಬಾಣ ಒತ್ತಿದರೆ ಅವನು ಓಡುವುದಿಲ್ಲ, ಒಂದು ಪುಟ್ಟ ಹೆಜ್ಜೆ ಇಡುತ್ತಾನೆ. ಅಂಚಿಗೆ ಬಂದಾಗ ಪಾದ ಮುಂದೆ ಚಾಚಿ, ಕೆಳಗೆ ಏನೂ ಇಲ್ಲ ಅಂತ ತಿಳಿದು, ಪಾದವನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾನೆ. ತಣ್ಣೀರಿಗೆ ಕಾಲಿಟ್ಟು ತೆಗೆದ ಹಾಗೆ.

ನನ್ನ ಪ್ರಕಾರ ಆ ಆಟದ ಜೀವ ಇರುವುದು ಆ ಪಾದದಲ್ಲೇ. ಕತ್ತಿಯಲ್ಲಿ ಅಲ್ಲ, ರಾಜಕುಮಾರಿಯಲ್ಲಿ ಅಲ್ಲ, ಅವಳನ್ನು ಬಿಡಿಸಲು ಕೊಟ್ಟ ಅರವತ್ತು ನಿಮಿಷದ ಗಡುವಿನಲ್ಲೂ ಅಲ್ಲ. ಬೇರೆ ಆಟಗಳ ನಾಯಕರು ಮೋಡದಿಂದ ಮೋಡಕ್ಕೆ ಹಾರುತ್ತಿದ್ದ ಕಾಲದಲ್ಲಿ ಇವನಿಗೆ ಬೀಳುವ ಭಯ ಇತ್ತು. ಓಡಲು ಶುರು ಮಾಡುವುದಕ್ಕೆ ಅವನಿಗೊಂದು ಕ್ಷಣ ಬೇಕು. ನಿಲ್ಲುವುದಕ್ಕೂ ಜಾರಿಕೊಂಡು ಹೋಗಿ ನಿಲ್ಲುತ್ತಾನೆ. ಲೆಕ್ಕ ತಪ್ಪಿದರೆ ಮುಳ್ಳು. ಸತ್ತರೆ ಆ ಹಂತ ಮೊದಲಿನಿಂದ, ಆದರೆ ಗಡಿಯಾರ ಮಾತ್ರ ಹಿಂದಕ್ಕೆ ಹೋಗುವುದಿಲ್ಲ. ಅವನು ಬಿದ್ದಾಗೆಲ್ಲ ಅಣ್ಣ ನನ್ನ ಕಡೆ ತಿರುಗುತ್ತಿದ್ದ. “ಶಿಫ್ಟ್ ಯಾಕೆ ಬಿಟ್ಟೆ?” ಹತ್ತರಲ್ಲಿ ಆರು ಸಲ ನಾನು ಬಿಟ್ಟಿರಲಿಲ್ಲ, ಅವನೇ ತಡವಾಗಿ ಹಾರಿದ್ದ. ಆದರೂ ಅಣ್ಣನ ಹತ್ತಿರ ವಾದ ಮಾಡೋಕಾಗುತ್ತಾ?

ತಮ್ಮ ಓಡಿದ, ಅಣ್ಣ ಚಿತ್ರ ತೆಗೆದ

ರಾಜಕುಮಾರನ ಓಟಕ್ಕೆ ನಿಜವಾದ ಮೈಯ ಆ ಭಾರ ಎಲ್ಲಿಂದ ಬಂತು ಅನ್ನುವ ಕಥೆ ನನಗೆ ಗೊತ್ತಾದದ್ದು ಎಷ್ಟೋ ವರ್ಷ ಆದಮೇಲೆ. ಇಂಥ ಆಟ ಇಷ್ಟಪಡುವವರಿಗೆಲ್ಲ ಬಾಯಿಪಾಠ ಆಗಿರುವ ಕಥೆಯೇ ಅದು, ಆದರೂ ಒಂದು ವಿಷಯಕ್ಕಾಗಿ ಇಲ್ಲಿ ಹೇಳುತ್ತೇನೆ. ಆ ಆಟ ಮಾಡಿದ ಜೋರ್ಡನ್ ಮೆಕ್ನರ್ 1985ರಲ್ಲಿ ತನ್ನ ತಮ್ಮ ಡೇವಿಡ್‌ಗೆ ಬಿಳಿ ಬಟ್ಟೆ ಹಾಕಿಸಿ, ಒಂದು ಪಾರ್ಕಿಂಗ್ ಜಾಗದಲ್ಲಿ ಓಡು, ಹಾರು, ಹತ್ತು ಅಂತ ಹೇಳಿ ವಿಡಿಯೋ ತೆಗೆದರು. ಆ ವಿಡಿಯೋವನ್ನು ಟೀವಿಯಲ್ಲಿ ಹಾಕಿ, ಒಂದೊಂದೇ ಚಿತ್ರಕ್ಕೆ ನಿಲ್ಲಿಸಿ, ಕ್ಯಾಮೆರಾದಲ್ಲಿ ಫೋಟೋ ತೆಗೆದರು. ಫೋಟೋಗಳ ಮೇಲೆ ಮಾರ್ಕರ್ ಮತ್ತು ಬಿಳಿ ಬಣ್ಣದಲ್ಲಿ ತಿದ್ದಿ, ಆಕೃತಿ ಮಾತ್ರ ಉಳಿಯುವಂತೆ ಮಾಡಿ, ಅದನ್ನು ಆ್ಯಪಲ್ 2 ಕಂಪ್ಯೂಟರಿಗೆ ಇಳಿಸಿದರು. ಕತ್ತಿ ಕಾಳಗಕ್ಕೆ 1938ರ ಒಂದು ಹಳೆಯ ಹಾಲಿವುಡ್ ಸಿನಿಮಾದ ಕೆಲವೇ ಸೆಕೆಂಡು ಸಾಕಾಯಿತು. ಸಂಗೀತ ಕೂಡಿಸಿದ್ದು ಅವರಪ್ಪ. ಒಂದು ಮನೆಯವರು ಸೇರಿ ಮಾಡಿದ ಆಟ ಅಂದರೂ ತಪ್ಪಿಲ್ಲ. 1989ರಲ್ಲಿ ಬ್ರೋಡರ್‌ಬಂಡ್ ಕಂಪನಿ ಅದನ್ನು ಬಿಡುಗಡೆ ಮಾಡಿದಾಗ ಆ್ಯಪಲ್ 2ರ ಕಾಲ ಮುಗಿಯುತ್ತಾ ಬಂದಿತ್ತು. ಶುರುವಿನಲ್ಲಿ ಮಾರಾಟ ಸಪ್ಪೆ. ಬೇರೆ ಯಂತ್ರಗಳಿಗೆ ಹೋದ ಮೇಲೆಯೇ ಅದು ಎದ್ದು ನಿಂತದ್ದು.

ಅಣ್ಣ ಹೇಳಿದ್ದಕ್ಕೆ ತಮ್ಮ ಓಡಿದ್ದು ಅನ್ನುವುದೇ ನನಗೆ ಖುಷಿ. ನಾವಿಬ್ಬರು ಅರ್ಧರ್ಧ ಕುರ್ಚಿಯಲ್ಲಿ ಕೂತು ಓಡಿಸುತ್ತಿದ್ದದ್ದೂ ಆ ಹುಡುಗನನ್ನೇ ಅಲ್ವಾ. ಅವನು ನಿಜವಾಗಿ ಗೋಡೆ ಹತ್ತಿದ್ದ, ನಿಜವಾಗಿ ಏದುಸಿರು ಬಿಟ್ಟಿದ್ದ.

ಇನ್ನೊಂದು ಸಂಗತಿ ಆಟದಲ್ಲಿ ಬರುವ ನೆರಳಿನದು. ಮೆಮೊರಿ ಎಲ್ಲ ತುಂಬಿಹೋಗಿತ್ತು, ಹೊಸ ಶತ್ರುವಿಗೆ ಚಿತ್ರ ಬರೆಯಲು ಜಾಗವೇ ಇರಲಿಲ್ಲ. ಆದರೆ ಜಗಳಾಡಲು ಯಾರೂ ಇಲ್ಲದೆ ಆಟ ಖಾಲಿ ಅನ್ನಿಸುತ್ತಿತ್ತು, ಪಕ್ಕದಲ್ಲಿ ಕೆಲಸ ಮಾಡುತ್ತಿದ್ದ ಗೆಳತಿಯೂ ಅದನ್ನೇ ಹೇಳಿ ಹೇಳಿ ಪೀಡಿಸುತ್ತಿದ್ದರು. ಕೊನೆಗೆ ಮೆಕ್ನರ್ ರಾಜಕುಮಾರನ ಚಿತ್ರವನ್ನೇ ತೆಗೆದುಕೊಂಡು, ಒಂದು ಚುಕ್ಕೆಯಷ್ಟು ಪಕ್ಕಕ್ಕೆ ಸರಿಸಿ, ಅದರ ಮೇಲೆ ಅದನ್ನೇ ಕಳೆದರು. ಉಳಿದದ್ದು ಮಿನುಗುವ ಅಂಚುಗಳ ಒಂದು ಆಕೃತಿ. ಜಾಗ ಸಾಲದೆ ಹುಟ್ಟಿದ ಪಾತ್ರ. ನಾಲ್ಕನೇ ಹಂತದಲ್ಲಿ ರಾಜಕುಮಾರ ಒಂದು ಕನ್ನಡಿಯ ಮೂಲಕವೇ ಹಾರುತ್ತಾನಲ್ಲ, ಆಗ ಅವನೊಳಗಿಂದ ಹೊರಬಿದ್ದು ಎದುರು ದಿಕ್ಕಿಗೆ ಓಡಿಹೋಗುವವನು ಅವನೇ. ಮುಂದೆ ನಿಮ್ಮ ಔಷಧಿ ಕದ್ದು ಕುಡಿಯುತ್ತಾನೆ. ನೀವು ಹಾರಿ ಬರುವಷ್ಟರಲ್ಲಿ ಬಾಗಿಲು ಮುಚ್ಚಿ ಕೆಳಕ್ಕೆ ಬೀಳಿಸುತ್ತಾನೆ. ಹನ್ನೆರಡನೇ ಹಂತದಲ್ಲಿ ಕತ್ತಿ ಹಿಡಿದು ಎದುರಿಗೇ ನಿಲ್ಲುತ್ತಾನೆ.

ಆ ಹನ್ನೆರಡನೇ ಹಂತದಲ್ಲಿ ನಾವು ಎಷ್ಟು ಭಾನುವಾರ ಕಳೆದೆವೋ ಲೆಕ್ಕವಿಲ್ಲ. ಮೆಗಾಹಿಟ್ ಮಂತ್ರದಿಂದ ಅಲ್ಲಿಗೆ ಹಾರಿ ಬಂದಿದ್ದೆವು, ಆದರೆ ಅಲ್ಲಿಂದ ಆಚೆಗೆ ದಾರಿಯೇ ಕಾಣಲಿಲ್ಲ. ನಾನು ಶಿಫ್ಟ್ ಒತ್ತಿ ಇರಿಯುತ್ತೇನೆ, ನೆರಳಿನ ಒಂದು ಜೀವ ಹೋಗುತ್ತದೆ, ಜೊತೆಗೇ ನಮ್ಮದೂ ಒಂದು ಹೋಗುತ್ತದೆ. ಅವನು ಸತ್ತರೆ ನಾವೂ ಸಾಯುತ್ತೇವೆ. ಆಟ ಕೆಟ್ಟಿದೆ ಅಂತ ಅಣ್ಣ ತೀರ್ಪು ಕೊಟ್ಟ. ಇಲ್ಲ, ನೀನು ಬೇಗ ಬೇಗ ಒತ್ತುತ್ತಿಲ್ಲ ಅಂತ ಮರುಕ್ಷಣವೇ ತೀರ್ಪು ಬದಲಾಯಿಸಿದ. ನನಗೆ ಸಿಟ್ಟು ಬಂತು. ಕೀಬೋರ್ಡಿನಿಂದ ಕೈ ತೆಗೆದು, ಕುರ್ಚಿಯಿಂದ ಇಳಿದು, ಕಿಟಕಿ ಹತ್ತಿರ ಹೋಗಿ ನಿಂತೆ. ಅಣ್ಣ ಒಬ್ಬನೇ ಹಠಕ್ಕೆ ಕೂತು ಬಾಣಗಳನ್ನು ಒತ್ತುತ್ತಿದ್ದ. ಇರಿಯುವವನಿಲ್ಲ. ಏನೋ ಒತ್ತಲು ಹೋಗಿ ಕೆಳಗಿನ ಬಾಣ ಒತ್ತಿದ. ರಾಜಕುಮಾರ ಕತ್ತಿ ಒರೆಗೆ ಸೇರಿಸಿದ. ಎದುರಿಗಿದ್ದ ನೆರಳೂ ಸೇರಿಸಿತು. “ಏಯ್ ಬಾರೋ ಇಲ್ಲಿ” ಅಂತ ಅಣ್ಣ ಕೂಗಿದ್ದು ಇವತ್ತಿಗೂ ಕಿವಿಯಲ್ಲಿದೆ. ನಾನು ಓಡಿ ಬಂದು ನೋಡುವಷ್ಟರಲ್ಲಿ ಇಬ್ಬರೂ ಒಬ್ಬರ ಕಡೆಗೊಬ್ಬರು ಓಡಿ, ಒಂದು ಬೆಳಕಿನಲ್ಲಿ ಒಂದಾಗಿಬಿಟ್ಟಿದ್ದರು. ಆಮೇಲೆ ಏನೂ ಇಲ್ಲದ ಕಡೆಗೆ ಓಡಿದರೆ ಕಾಲ ಕೆಳಗೆ ನೆಲ ತಾನಾಗಿ ಮೂಡುತ್ತಿತ್ತು.

ಬಿದ್ದರೆ ಏನಾಗುತ್ತದೆ

ಈ ಸರಣಿಯ ಏಳುಬೀಳನ್ನು ಮಾರಾಟದ ಲೆಕ್ಕದಲ್ಲಿ, ಕಂಪನಿಗಳ ಕೈ ಬದಲಾವಣೆಯಲ್ಲಿ ಹೇಳುವವರೇ ಜಾಸ್ತಿ. ನನಗೆ ಬೇರೆ ಅಳತೆಕೋಲು ಇದೆ: ಈ ಆಟದಲ್ಲಿ ಬಿದ್ದರೆ ಏನಾಗುತ್ತದೆ? ಈ ಪ್ರಶ್ನೆಗೆ ಒಳ್ಳೆಯ ಉತ್ತರ ಇದ್ದಾಗೆಲ್ಲ ಆಟ ಚೆನ್ನಾಗಿತ್ತು. ಇಲ್ಲದಾಗ ಸೊರಗಿತು.

1993ರ ಎರಡನೇ ಭಾಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಚಿತ್ರ ಚೆಂದ, ಕಷ್ಟ ಜಾಸ್ತಿ. 1999ರ ತ್ರೀಡಿ ಆವೃತ್ತಿಯ ಬಗ್ಗೆ ಏನೂ ಹೇಳದಿರುವುದೇ ಒಳ್ಳೆಯದು. ಅದರಲ್ಲಿ ಬಿದ್ದರೆ ನಿಮ್ಮ ತಪ್ಪೋ ಕ್ಯಾಮೆರಾದ ತಪ್ಪೋ ಗೊತ್ತಾಗುತ್ತಲೇ ಇರಲಿಲ್ಲ. ಅಲ್ಲಿಗೆ ಕಥೆ ಮುಗಿಯಿತು ಅಂತಲೇ ಎಲ್ಲರೂ ಅಂದುಕೊಂಡಿದ್ದರು.

2003ರಲ್ಲಿ ಯೂಬಿಸಾಫ್ಟ್‌ನ ಮಾಂಟ್ರಿಯಲ್ ತಂಡ ‘ದಿ ಸ್ಯಾಂಡ್ಸ್ ಆಫ್ ಟೈಮ್’ ತಂದಿತು. ಕಥೆ ಬರೆಯಲು ಮೆಕ್ನರ್ ಅವರನ್ನೇ ಕರೆಸಿಕೊಂಡಿದ್ದರು. ನಿರ್ದೇಶನ ಪಾತ್ರಿಸ್ ದೆಸಿಲೆ ಅವರದು. ಬಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಅವರು ಕೊಟ್ಟ ಉತ್ತರ ಇವತ್ತಿಗೂ ಮೈ ಜುಮ್ಮೆನ್ನಿಸುತ್ತದೆ: ಬಿದ್ದರೆ ಕಾಲವನ್ನೇ ಹಿಂದಕ್ಕೆ ತಿರುಗಿಸು. ಒಂದು ಗುಂಡಿ ಒತ್ತಿದರೆ ರಾಜಕುಮಾರ ಪ್ರಪಾತದಿಂದ ಮೇಲಕ್ಕೆ ಬಂದು, ಹಾರಿದ ಕಂಬಕ್ಕೆ ವಾಪಸ್ ಹೋಗಿ, ಅಲ್ಲಿಂದ ಮತ್ತೆ ಶುರು. ಕೇಳಲು ಇದು ಸುಲಭ ಮಾಡಿದ ಹಾಗೆ ಅನ್ನಿಸಬಹುದು. ಹಾಗಲ್ಲ. ಕಾಲ ತಿರುಗಿಸಲು ಮಾಯದ ಮರಳು ಬೇಕು, ಆ ಮರಳಿಗೆ ಲೆಕ್ಕ ಇತ್ತು. ಮುಗಿದರೆ ಮುಗಿಯಿತು. ಜೊತೆಗೆ ಇಡೀ ಆಟವೇ ಒಂದು ಕಥೆ ಹೇಳುವ ಕ್ರಮದಲ್ಲಿತ್ತು. ನಡೆದದ್ದನ್ನು ರಾಜಕುಮಾರ ಯಾರಿಗೋ ಹೇಳುತ್ತಿದ್ದಾನೆ. ನೀವು ಸತ್ತರೆ ಆಟ ಮುಗಿಯುವುದಿಲ್ಲ. ಇಲ್ಲ ಇಲ್ಲ, ಹಾಗಾಗಲಿಲ್ಲ, ತಪ್ಪು ಹೇಳಿದೆ ಅಂತ ಅವನ ದನಿ ತಿದ್ದಿಕೊಳ್ಳುತ್ತದೆ. ಅಜ್ಜಿ ಕಥೆ ಹೇಳುತ್ತಾ ನಡುವೆ ಮರೆತು, ಸ್ವಲ್ಪ ಹಿಂದಕ್ಕೆ ಹೋಗಿ ಹೇಳಿದ ಹಾಗೆ. ಅವನು ಆ ಕಥೆಯನ್ನು ಯಾರಿಗೆ ಹೇಳುತ್ತಿದ್ದಾನೆ, ಯಾಕೆ ಹೇಳುತ್ತಿದ್ದಾನೆ ಅಂತ ಕೊನೆಯಲ್ಲಿ ಗೊತ್ತಾದಾಗ ನಾನು ಕಂಟ್ರೋಲರ್ ಕೆಳಗಿಟ್ಟು ಸುಮ್ಮನೆ ಕೂತಿದ್ದೆ. ಆಡದವರಿಗೆ ಇದಕ್ಕಿಂತ ಹೆಚ್ಚು ಹೇಳುವುದಿಲ್ಲ.

ಮುಂದಿನ ವರ್ಷವೇ ‘ವಾರಿಯರ್ ವಿದಿನ್’ ಬಂತು. ರಾಜಕುಮಾರನಿಗೆ ಕೋಪ, ರಕ್ತ, ಹೆವಿ ಮೆಟಲ್ ಸಂಗೀತ. ಹುಡುಗರಿಗೆ ಇಂಥದ್ದೇ ಬೇಕು ಅಂತ ಯಾರೋ ಒಂದು ಮೀಟಿಂಗಿನಲ್ಲಿ ಹೇಳಿದ ವಾಸನೆ ಇಡೀ ಆಟಕ್ಕೆ ಹತ್ತಿತ್ತು. ಆ ದಾರಿ, ಆ ಹಿಂಸೆ ತನಗೆ ಇಷ್ಟವಾಗಲಿಲ್ಲ ಅಂತ ಮೆಕ್ನರ್ ಬಹಿರಂಗವಾಗಿಯೇ ಹೇಳಿದರು. ನನಗೂ ಆಗಲಿಲ್ಲ, ಆದರೆ ಒಂದು ಮಾತು ಒಪ್ಪಲೇಬೇಕು. ಬೆನ್ನಟ್ಟಿ ಬರುವ ದಹಾಕ ಅನ್ನುವ ಆ ಕಪ್ಪು ಪಿಶಾಚಿಯಿಂದ ತಪ್ಪಿಸಿಕೊಂಡು ಓಡುವಾಗ ಬಾಯಿ ಒಣಗುತ್ತಿತ್ತು. ಅಲ್ಲಿ ಬೀಳುವುದಕ್ಕೆ ಬೆಲೆ ಇತ್ತು. 2005ರ ‘ದಿ ಟೂ ಥ್ರೋನ್ಸ್’ ಎರಡರ ನಡುವೆ ರಾಜಿ ಮಾಡಲು ಹೋಗಿ ಮುಗಿಯಿತು. ಮೂರು ವರ್ಷದಲ್ಲಿ ಮೂರು ಆಟ. ಯಾವ ಹೊಲವೂ ಹೀಗೆ ಬೆಳೆ ಕೊಡುವುದಿಲ್ಲ.

2008ರದ್ದು ವಿಚಿತ್ರ. ಅದರಲ್ಲಿ ನೀವು ಸಾಯುವುದೇ ಇಲ್ಲ. ಬಿದ್ದ ತಕ್ಷಣ ಜೊತೆಗಾತಿ ಎಲಿಕಾ ಬಂದು ಕೈ ಹಿಡಿದು ಮೇಲಕ್ಕೆ ತಂದು ನಿಲ್ಲಿಸುತ್ತಾಳೆ. ಆಗ ಎಲ್ಲರೂ ಬೈದರು, ನಾನೂ ಬೈದೆ. ಇದೇನು ಆಟವೋ ಪ್ರವಾಸವೋ ಅಂತ. ಈಗ ಹಿಂತಿರುಗಿ ನೋಡಿದರೆ ನಾವು ಸ್ವಲ್ಪ ಅನ್ಯಾಯ ಮಾಡಿದೆವು ಅನ್ನಿಸುತ್ತದೆ. ಸತ್ತು ಹಿಂದಿನ ಜಾಗದಿಂದ ಶುರು ಮಾಡುವುದಕ್ಕೂ, ಅವಳು ಎತ್ತಿ ಹಿಂದಿನ ಜಾಗಕ್ಕೆ ಬಿಡುವುದಕ್ಕೂ ಲೆಕ್ಕದಲ್ಲಿ ವ್ಯತ್ಯಾಸ ಏನು? ಏನೂ ಇಲ್ಲ. ಆದರೂ ಮೈಗೆ ಗೊತ್ತಾಗುತ್ತಿತ್ತು. ಅಂಚಿನಲ್ಲಿ ಪಾದ ಚಾಚಿ ನೋಡುವ ಅಗತ್ಯವೇ ಇರಲಿಲ್ಲ. ಕೊನೆಯಲ್ಲಿ ಎಲಿಕಾ ಸತ್ತಾಗ ಅವಳನ್ನು ಬದುಕಿಸಲು ರಾಜಕುಮಾರ ಅಷ್ಟು ಹೊತ್ತು ಮಾಡಿದ ಕೆಲಸವನ್ನೆಲ್ಲ ತನ್ನ ಕೈಯಾರೆ ಹಾಳು ಮಾಡುತ್ತಾನೆ. ನೂರು ಸಲ ನಿಮ್ಮನ್ನು ಹಿಡಿದವಳು ಬಿದ್ದಾಗ ನೀವೇನು ಮಾಡುತ್ತೀರಿ ಅಂತ ಕೇಳುವ ಆಟ ಅದು. 2009ರ ಒಂದು ಪುಟ್ಟ ಎಪಿಲಾಗ್ ಬಿಟ್ಟರೆ, ಅದರ ಕಥೆ ಮುಗಿಸುವ ದೊಡ್ಡ ಆಟ ಬರಲೇ ಇಲ್ಲ. 2010ರಲ್ಲಿ ಒಂದು ಹಾಲಿವುಡ್ ಸಿನಿಮಾ, ಅದರ ಬಾಲದ ಹಾಗೆ ಇನ್ನೊಂದು ಆಟ. ಆಮೇಲೆ ಹತ್ತು ವರ್ಷ ಹೆಚ್ಚುಕಡಿಮೆ ಮೌನ.

ಮನೆಯಲ್ಲೇ ಬೆಳೆದ ಪಾಲುದಾರ

ಯಾಕೆ ಮೌನ ಅನ್ನುವುದಕ್ಕೆ ಉತ್ತರ ಹೊರಗೆಲ್ಲೂ ಇರಲಿಲ್ಲ, ಮನೆಯೊಳಗೇ ಇತ್ತು. ಸ್ಯಾಂಡ್ಸ್ ಆಫ್ ಟೈಮ್ ಮುಗಿಸಿದ ದೆಸಿಲೆ ತಂಡ ಮುಂದಿನ ಪ್ರಿನ್ಸ್ ಆಟಕ್ಕೆ ಅಂತ ಒಂದು ಯೋಜನೆ ಶುರು ಮಾಡಿತು. ಅದರಲ್ಲಿ ರಾಜಕುಮಾರ ಆಡುವ ಪಾತ್ರವಲ್ಲ. ಅವನನ್ನು ಕಾಯುವ ಹಂತಕನೊಬ್ಬ ನಾಯಕ. ರಾಜಕುಮಾರನೇ ಇಲ್ಲದ ಪ್ರಿನ್ಸ್ ಆಟ ಎಂಥದ್ದು ಅಂತ ಮೇಲಿನವರು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಹಾಗಾಗಿ ಹೆಸರು ಬದಲಾಯಿತು, 2007ರಲ್ಲಿ ಅದು ‘ಅಸ್ಯಾಸಿನ್ಸ್ ಕ್ರೀಡ್’ ಆಗಿ ಬಂತು. ಇವತ್ತಿಗೆ ಆ ಸರಣಿಯ 20 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿವೆ.

ಗೋಡೆ ಹತ್ತುವುದು, ಕಂಬದಿಂದ ಕಂಬಕ್ಕೆ ಹಾರುವುದು, ಎಲ್ಲವನ್ನೂ ಮಗ ಅಪ್ಪನಿಂದ ಕಲಿತ. ಆದರೆ ಒಂದನ್ನು ಬಿಟ್ಟ. ಗುಂಡಿ ಒತ್ತಿ ಹಿಡಿದರೆ ಸಾಕು, ಕೈಕಾಲು ತಾವೇ ಜಾಗ ಹುಡುಕಿಕೊಳ್ಳುತ್ತವೆ. ಗೋಪುರದ ತುದಿಯಿಂದ ಕಣ್ಣು ಮುಚ್ಚಿ ಹಾರಿದರೂ ಕೆಳಗೆ ಹುಲ್ಲಿನ ಗಾಡಿ ಕಾದಿರುತ್ತದೆ. ನಾನೂ ಆ ಆಟಗಳಲ್ಲಿ ನೂರಾರು ಗಂಟೆ ಕಳೆದಿದ್ದೇನೆ, ಹಾಗಾಗಿ ದೊಡ್ಡಸ್ತಿಕೆ ತೋರಿಸುತ್ತಿಲ್ಲ. ಆದರೆ ಅಷ್ಟು ಗಂಟೆಗಳಲ್ಲಿ ಒಂದು ಸಲವೂ ಅಂಚಿನಲ್ಲಿ ನಿಂತು ಉಸಿರು ಹಿಡಿದ ನೆನಪಿಲ್ಲ. ದುಡಿಯುವ ಮಗ ಮನೆಯಲ್ಲಿದ್ದಾಗ ಹಳೇ ಅಪ್ಪನನ್ನು ಯಾರು ಕೇಳುತ್ತಾರೆ? ಜನ, ಹಣ, ತಲೆ ಎಲ್ಲ ಮಗನ ಕಡೆ ಹೋಯಿತು.

ರೀಮೇಕ್ ಕಥೆಗೆ ಬರುವ ಮುಂಚೆ ಒಂದು ಮಾತು. 2020ರಲ್ಲಿ ಅದನ್ನು ಮಾಡಲು ಕೊಟ್ಟದ್ದು ಯೂಬಿಸಾಫ್ಟ್‌ನ ಪುಣೆ ಮತ್ತು ಮುಂಬೈ ತಂಡಗಳಿಗೆ. ಮೂಲ ಆಟ ಶುರುವಾಗುವುದೇ ಭಾರತದ ಒಬ್ಬ ಮಹಾರಾಜನ ಅರಮನೆಯ ಮೇಲೆ ರಾಜಕುಮಾರ ಮತ್ತು ಅವನಪ್ಪ ದಾಳಿ ಮಾಡುವುದರಿಂದ. ನಾಯಕಿ ಫರಾ ಆ ಮಹಾರಾಜನ ಮಗಳು. ಲೂಟಿಯಾದ ಕಡೆಯವರ ಕೈಗೇ ಆಟ ಬಂದಿತ್ತು ಅನ್ನೋದು ನನಗೆ ಆಗ ಮಜಾ ಅನ್ನಿಸಿತ್ತು. ಮೊದಲ ವಿಡಿಯೋ ಬಂದಾಗ ಮುಖಗಳು ಮೇಣದ ಬೊಂಬೆಗಳ ಹಾಗಿವೆ ಅಂತ ಲೋಕವೆಲ್ಲ ಆಡಿಕೊಂಡಿತು. ಚೆನ್ನಾಗಿರಲಿಲ್ಲ, ನಿಜ. ಆದರೆ ಆಡಿಕೊಂಡವರ ಮಾತಿನಲ್ಲಿ ಆಟದ ಬಗ್ಗೆ ಎಷ್ಟಿತ್ತೋ, ಅದನ್ನು ಮಾಡಿದವರು ಎಲ್ಲಿಯವರು ಅನ್ನುವುದರ ಬಗ್ಗೆಯೂ ಅಷ್ಟೇ ಇತ್ತು. ಅದು ಇವತ್ತಿಗೂ ಚುಚ್ಚುತ್ತದೆ. 2021ರ ಜನವರಿ ಮಾರ್ಚ್ ಆಯಿತು, ಮಾರ್ಚ್ ಯಾವಾಗಲೋ ಆಯಿತು. 2022ರಲ್ಲಿ ಕೆಲಸ ಮಾಂಟ್ರಿಯಲ್‌ಗೆ ಹೋಯಿತು. 2024ರಲ್ಲಿ ಉರಿಯುವ ಮೋಂಬತ್ತಿಯ ಒಂದು ಪುಟ್ಟ ವಿಡಿಯೋ ತೋರಿಸಿ 2026 ಅಂದರು. 2026ರ ಮೊದಲ ತಿಂಗಳಲ್ಲೇ, ಇನ್ನೂ ಐದು ಆಟಗಳ ಜೊತೆಗೆ, ಆ ಬತ್ತಿಯನ್ನೂ ಆರಿಸಿದರು.

ಅಪ್ಪನ ಬೀರುವಿನಲ್ಲಿ ಸಿಕ್ಕಿದ್ದು

ಇದಕ್ಕೆ ಪಕ್ಕದಲ್ಲಿ ಇನ್ನೊಂದು ದೃಶ್ಯ ಇಟ್ಟು ನೋಡಬೇಕು. 2012ರಲ್ಲಿ ಮೆಕ್ನರ್ ಅವರ ಅಪ್ಪನಿಗೆ ಮನೆಯ ಬೀರುವಿನಲ್ಲಿ ಒಂದು ಡಬ್ಬಿ ಸಿಕ್ಕಿತು. ಒಳಗೆ ಹಳೆಯ ಫ್ಲಾಪಿಗಳು. ಅದರಲ್ಲಿ ಮೊದಲ ಆಟದ ಆ್ಯಪಲ್ 2 ಸೋರ್ಸ್ ಕೋಡ್, ಅಂದರೆ ಆಟವನ್ನು ಬರೆದ ಮೂಲ ಸಾಲುಗಳು, ಕಳೆದೇ ಹೋಗಿದೆ ಅಂದುಕೊಂಡಿದ್ದದ್ದು. ಇಪ್ಪತ್ತು ವರ್ಷಕ್ಕೂ ಹಳೆಯ ಫ್ಲಾಪಿ ಅಂದರೆ ಒಂದೊಂದು ಸಲ ಓದಿದಾಗಲೂ ಅದೇ ಕೊನೆಯ ಸಲ ಆಗಬಹುದು. ಹಳೆಯ ಯಂತ್ರಗಳನ್ನು ಬಲ್ಲ ಇಬ್ಬರು ತಮ್ಮ ಸಾಮಾನು ಹೊತ್ತುಕೊಂಡು ಅವರ ಮನೆಗೆ ಬಂದರು. ಕೂತು ಒಂದೊಂದೇ ಫ್ಲಾಪಿ ಓದಿದರು. ಮೆಕ್ನರ್ ಅದನ್ನು ತಕ್ಷಣವೇ ಯಾರು ಬೇಕಾದರೂ ನೋಡಲಿ ಅಂತ ಗಿಟ್‌ಹಬ್ ಅನ್ನುವ ಕೋಡ್ ಹಂಚುವ ತಾಣದಲ್ಲಿ ಹಾಕಿಬಿಟ್ಟರು. ನಾನೂ ತೆರೆದು ನೋಡಿದೆ. ಅದನ್ನು ಬರೆದ ಅಸೆಂಬ್ಲಿ ಭಾಷೆ ನನಗೆ ಬರುವುದಿಲ್ಲ. ಆದರೆ ರಾಜಕುಮಾರನ ಒಂದೊಂದು ಚಲನೆಗೂ ಒಂದೊಂದು ಹೆಸರು ಇರುವುದು ಗೊತ್ತಾಗುತ್ತಿತ್ತು. ಅದರಲ್ಲಿ ಒಂದರ ಹೆಸರು ‘ಟೆಸ್ಟ್‌ಫುಟ್’. ಅಂಚಿನಲ್ಲಿ ಪಾದ ಚಾಚಿ ನೋಡುವ ಆ ಚಲನೆಗೂ ಒಂದು ಹೆಸರಿತ್ತು!

ಅತ್ತ ಡಾಸ್ ಆವೃತ್ತಿಯನ್ನು ಬಿಚ್ಚಿ, ಸಾಲು ಸಾಲಾಗಿ ಅರ್ಥ ಮಾಡಿಕೊಂಡು, ಇವತ್ತಿನ ಕಂಪ್ಯೂಟರುಗಳಲ್ಲಿ ಓಡುವ ಹಾಗೆ ಮರಳಿ ಕಟ್ಟಿದವರೂ ಇದ್ದಾರೆ. ಎಸ್‌ಡಿಎಲ್‌ಪಾಪ್ ಅಂತ ಅದರ ಹೆಸರು. ಮೂಲದ ತಪ್ಪುಗಳನ್ನು ಬೇಕಾದರೆ ಇಟ್ಟುಕೊಳ್ಳಬಹುದು, ಬೇಡವಾದರೆ ತಿದ್ದಿಕೊಳ್ಳಬಹುದು. ಅದರ ಸುತ್ತ ಹೊಸ ಹಂತಗಳನ್ನು ಕಟ್ಟುವವರ ಒಂದು ಗುಂಪೇ ಇದೆ. ಒಬ್ಬರಿಗೂ ಸಂಬಳ ಇಲ್ಲ. ತಾರೀಖು ಘೋಷಿಸುವುದಿಲ್ಲ, ಮೋಂಬತ್ತಿ ತೋರಿಸುವುದಿಲ್ಲ.

ಮಾಲೀಕರ ಕಡೆಯಿಂದ ಒಳ್ಳೆಯದೇನೂ ಆಗಲಿಲ್ಲ ಅಂತಲ್ಲ. 2024ರ ಜನವರಿಯಲ್ಲಿ ಯೂಬಿಸಾಫ್ಟ್‌ನದೇ ಮಾಂಪೆಲ್ಲಿಯೆ ತಂಡ ‘ದಿ ಲಾಸ್ಟ್ ಕ್ರೌನ್’ ತಂದಿತು. ಮತ್ತೆ ಪಕ್ಕದಿಂದ ನೋಡುವ ಆಟ. ಇಲ್ಲಿ ನಾಯಕ ರಾಜಕುಮಾರನಲ್ಲ, ಅಪಹರಣವಾದ ರಾಜಕುಮಾರನನ್ನು ಹುಡುಕಿ ಕಾಫ್ ಪರ್ವತಕ್ಕೆ ಹೋಗುವ ಸರ್ಗೋನ್ ಅನ್ನುವ ಯೋಧ. ಇಪ್ಪತ್ತು ವರ್ಷದ ಹಿಂದೆ ಬೇಡ ಅಂದ ಐಡಿಯಾಕ್ಕೆ ಈಗ ಯಾರೂ ತಕರಾರು ಮಾಡಲಿಲ್ಲ ನೋಡಿ. ಪಾತ್ರಗಳು ಪರ್ಷಿಯನ್ ಭಾಷೆಯಲ್ಲೇ ಮಾತಾಡುವ ಆಯ್ಕೆ ಇದೆ. ನಾನು ಅದನ್ನೇ ಹಾಕಿಕೊಂಡು ಆಡಿದೆ. ಒಂದು ಪದ ಅರ್ಥವಾಗದಿದ್ದರೂ ಮೊದಲ ಸಲ ಆ ಹೆಸರಿಗೂ ಆ ಆಟಕ್ಕೂ ಸಂಬಂಧ ಇದೆ ಅನ್ನಿಸಿತು. ನಡುವಿನಲ್ಲಿ ಸರ್ಗೋನ್‌ಗೆ ಒಂದು ಶಕ್ತಿ ಸಿಗುತ್ತದೆ: ನಿಂತ ಜಾಗದಲ್ಲಿ ತನ್ನದೇ ಒಂದು ನೆರಳನ್ನು ಬಿಟ್ಟು ಮುಂದೆ ಹೋಗಿ, ಬೇಕಾದಾಗ ಆ ನೆರಳಿಗೇ ವಾಪಸ್ ಹಾರಿಬಿಡಬಹುದು. ಮುಳ್ಳುಗಳ ಒಂದು ಉದ್ದ ದಾರಿಯಲ್ಲಿ ನೆರಳನ್ನು ಎಲ್ಲಿ ಬಿಡಬೇಕು ಅಂತ ಗೊತ್ತಾಗದೆ ಅರ್ಧ ಗಂಟೆ ಸಾಯುತ್ತಿದ್ದೆ. ಕೊನೆಗೆ ಒಂದು ಸಲ ಅಂಚಿನಲ್ಲಿ ನಿಂತು, ಉಸಿರು ಹಿಡಿದು, ಹಾರಿದೆ. ಹಾರುವಾಗ ಎಡಗೈ ಕಿರುಬೆರಳು ತಾನಾಗಿ ಮಡಚಿಕೊಂಡಿತ್ತು. ಕೈಯಲ್ಲಿದ್ದದ್ದು ಕಂಟ್ರೋಲರ್. ಅದರಲ್ಲಿ ಶಿಫ್ಟ್ ಎಲ್ಲಿರುತ್ತದೆ?

ವಿಮರ್ಶಕರು ಹೊಗಳಿದರು, ಆಡಿದವರು ಹೊಗಳಿದರು. ಮಾರಾಟ ಮಾತ್ರ ಕಂಪನಿ ಅಂದುಕೊಂಡಷ್ಟು ಆಗಲಿಲ್ಲ. ಅದೇ ವರ್ಷ ಅಕ್ಟೋಬರ್ ಹೊತ್ತಿಗೆ ಆ ತಂಡದವರನ್ನು ಬೇರೆ ಬೇರೆ ಕೆಲಸಗಳಿಗೆ ಹಂಚಿಬಿಟ್ಟಿದ್ದರು. ರೀಮೇಕ್ ರದ್ದಾದ ಸುದ್ದಿಗೆ ಬಾರದ ಬೇಜಾರು ನನಗೆ ಆ ಸುದ್ದಿಗೆ ಬಂದಿತ್ತು. ನಾಲ್ಕೈದು ದಿನ ಸಿಕ್ಕಸಿಕ್ಕವರ ಹತ್ತಿರ ಅದನ್ನೇ ಹೇಳಿಕೊಂಡು ತಿರುಗಿದ್ದೆ. ಎವಿಲ್ ಎಂಪೈರ್ ಅನ್ನುವ ಸಣ್ಣ ಸ್ಟುಡಿಯೋ ಮಾಡಿದ ‘ದಿ ರೋಗ್ ಪ್ರಿನ್ಸ್ ಆಫ್ ಪರ್ಷಿಯಾ’ 2025ರ ಆಗಸ್ಟ್‌ನಲ್ಲಿ ಪೂರ್ತಿಯಾಗಿ ಬಂತು. ಅದರಲ್ಲಿ ಸತ್ತರೆ ಕಾಲ ಹಿಂದೆ ಸರಿದು ಮತ್ತೆ ಮೊದಲಿನಿಂದ. ಗೋಡೆಯ ಮೇಲೆ ಓಡುವುದು ನೀರು ಹರಿದಷ್ಟು ಸಲೀಸು. ಇನ್ನೂ ಆಡುತ್ತಿದ್ದೇನೆ, ಹಾಗಾಗಿ ತೀರ್ಪು ಬೇಡ.

ಈಗ ಅನ್ನಿಸುತ್ತಿದೆ, ಆ ರಾತ್ರಿಯ ನಿರಾಳ ಆಟದ ಬಗ್ಗೆ ಇರಲೇ ಇಲ್ಲ. ಕಾಯುವ ಕೆಲಸ ಮುಗಿಯಿತಲ್ಲ ಅನ್ನುವ ನಿರಾಳ ಅದು. 2003ರ ಆಟ ನನ್ನ ಹತ್ತಿರ ಇದೆ, ಓಡುತ್ತದೆ. ಮುಖಗಳು ಚೌಕ ಚೌಕ, ಆದರೆ ಕಥೆ ಹೇಳುವವನ ದನಿ ಹಾಗೇ ಇದೆ. ಅದಕ್ಕೆ ಹೊಸ ಚರ್ಮ ಹೊದಿಸಿದರೆ ನನಗೇನು ಸಿಗುತ್ತಿತ್ತು ಅಂತ ಕೇಳಿಕೊಂಡರೆ ಉತ್ತರ ತಡವರಿಸುತ್ತದೆ. ಆದರೂ ಇದು ಪೂರ್ತಿ ಸರಿ ಅಲ್ಲ, ಗೊತ್ತು. ಮೊದಲ ಸಲ ಆಡಬೇಕಾಗಿದ್ದ ಹುಡುಗರಿಗೆ ಅದು ಬೇಕಿತ್ತು. ಐದು ವರ್ಷ ಅದರ ಮೇಲೆ ಕೂತಿದ್ದ ಪುಣೆ, ಮುಂಬೈ, ಮಾಂಟ್ರಿಯಲ್‌ನ ಜನರ ಕೆಲಸ ಯಾವುದೋ ಸರ್ವರಿನಲ್ಲಿ ಬಿದ್ದಿರುತ್ತದೆ. ಅದನ್ನು ಹುಡುಕಿ ತೆಗೆಯಲು ಯಾರ ಅಪ್ಪನ ಬೀರುವೂ ಇಲ್ಲ.

ಮೊನ್ನೆ ಅಣ್ಣ ಮನೆಗೆ ಬಂದಿದ್ದ. ತಲೆ ಅರ್ಧ ಬೆಳ್ಳಗಾಗಿದೆ, ಬೆರಳಿಗೆ ಸ್ವಲ್ಪ ನೋವು ಅಂತೆ. ಮಾತಿನ ನಡುವೆ ಲ್ಯಾಪ್‌ಟಾಪ್ ತೆಗೆದು ಎಸ್‌ಡಿಎಲ್‌ಪಾಪ್ ಹಾಕಿದೆ. ಎಲ್ಲಿ ಬೇಕಾದರೂ ಸೇವ್ ಮಾಡಬಹುದು, ಒಂದು ಕೀ ಒತ್ತಿದರೆ ವಾಪಸ್ ಅಲ್ಲಿಗೇ ಬರಬಹುದು ಅಂತ ಹೇಳಿದೆ. “ಬೇಡ” ಅಂದ. ಕುರ್ಚಿ ಎರಡಿದ್ದವು. ಅವನು ಎಳೆದುಕೊಂಡು ಕೂತು, ಕೇಳದೆಯೇ ಬಲಗೈಯನ್ನು ಬಾಣದ ಕೀಗಳ ಮೇಲೆ ಇಟ್ಟ. ಎಡಗಡೆ ನನಗೆ ಬಿಟ್ಟ. ಮೊದಲನೇ ಹಂತ, ಎರಡನೇ ಹಂತ ಹೇಗೋ ದಾಟಿದೆವು. ಮೂರನೆಯದರಲ್ಲಿ ಒಂದು ಕಂದಕ. ಓಡಿ ಹಾರಬೇಕು, ಆಚೆ ಅಂಚು ಹಿಡಿಯಬೇಕು. ಅಣ್ಣ ಓಡಿಸಿದ, ಹಾರಿಸಿದ. ನಾನು ಒತ್ತಿದೆ. ಒತ್ತಿದ್ದೆ ಅಂತಲೇ ಈಗಲೂ ಹೇಳುತ್ತೇನೆ. ರಾಜಕುಮಾರ ಅಂಚನ್ನು ಸವರಿಕೊಂಡು ಕೆಳಕ್ಕೆ ಹೋದ.

ಅಣ್ಣ ನಿಧಾನವಾಗಿ ನನ್ನ ಕಡೆ ತಿರುಗಿದ.

“ಶಿಫ್ಟ್ ಯಾಕೆ ಬಿಟ್ಟೆ?”

ಪರದೆಯ ಕೆಳಗೆ ಇನ್ನು 38 ನಿಮಿಷ ಅಂತ ಬಂತು.